ಆನ್‌ಲೈನ್ ಪಾಠದ ಹಿಡಿತ: ಕಲಿಯುವವರಿಗೆ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು

ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ, ಕೋಚಿಂಗ್ ಕೇಂದ್ರಗಳಲ್ಲಿ, ಕಂಪ್ಯೂಟರ್ ತರಬೇತಿ ಸಂಸ್ಥೆಗಳಲ್ಲಿ ಪಾಠವನ್ನು ಆನ್‌ಲೈನಿಗೆ ತರಲು ಹೊರಟವರು ಮೊದಲು ವಿಚಾರಿಸುವುದು ಕ್ಯಾಮೆರಾ, ಮೈಕು, ಸರ್ವರಿನ ಬಾಡಿಗೆ ಇತ್ಯಾದಿಗಳ ಬಗ್ಗೆ. ಇವುಗಳಷ್ಟೇ ಮುಖ್ಯವಾದ ಇನ್ನೊಂದು ತೀರ್ಮಾನ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ವಿಡಿಯೊವನ್ನು ಮುಂದಕ್ಕೆ ಓಡಿಸಲು ಬಿಡಬೇಕೇ, ಮೂರನೆಯ ಪಾಠವನ್ನು ನೋಡದೆಯೇ ಐದನೆಯದನ್ನು ತೆರೆಯಲು ಬಿಡಬೇಕೇ, ಅಭ್ಯಾಸದ ಪ್ರಶ್ನೆಗಳನ್ನು ಮುಟ್ಟದೆ ನೇರವಾಗಿ ಪರೀಕ್ಷೆಗೆ ಹೋಗಲು ಬಿಡಬೇಕೇ, ಮುಗಿಸಬೇಕಾದ ದಿನಾಂಕವನ್ನು ಯಾರು ಗೊತ್ತುಪಡಿಸಬೇಕು ಎಂಬ ಪ್ರಶ್ನೆಗಳನ್ನು ಕುಳಿತು ಚರ್ಚಿಸಿದ ಸಂಸ್ಥೆಗಳು ಕಡಿಮೆ. ತಂತ್ರಾಂಶವನ್ನು ಅಳವಡಿಸಿಕೊಟ್ಟವರು ಬಿಟ್ಟುಹೋದ ಸೆಟ್ಟಿಂಗೇ ಸಂಸ್ಥೆಯ ಬೋಧನಾ ಕ್ರಮವಾಗಿಬಿಡುತ್ತದೆ.

ಇಂಥ ಹಿಡಿತವನ್ನು ಕಲಿಯುವವರಿಗೆ ಬಿಡುವ ಮತ್ತು ಸಂಸ್ಥೆಯೇ ಇಟ್ಟುಕೊಳ್ಳುವ ಏರ್ಪಾಡುಗಳ ಈ ಹೋಲಿಕೆಯನ್ನು ಬರೆಯುತ್ತಿರುವುದು ಮುಖ್ಯವಾಗಿ ಅಂಥ ತೀರ್ಮಾನವನ್ನು ತೆಗೆದುಕೊಳ್ಳಬೇಕಾದ ಅಧ್ಯಾಪಕರಿಗಾಗಿ. ಹಣ ಕಟ್ಟಿ ಕೋರ್ಸು ಸೇರುವ ಮೊದಲು ಅದರ ಒಳಗಿನ ಏರ್ಪಾಡನ್ನು ಅಳೆದು ನೋಡಬೇಕೆನ್ನುವ ಕಲಿಕಾರ್ಥಿಗಳಿಗೂ ಇದರಿಂದ ಉಪಯೋಗವಾಗಬಹುದು. ಈ ವಿಷಯದಲ್ಲಿ ಎರಡು ಮಾತುಗಳು ಸದಾ ಕೇಳಿಬರುತ್ತವೆ. "ಓದುವವರು ಅವರು, ಅವರಿಗೆ ಬೇಕಾದ ಹಾಗೆ ಓದಿಕೊಳ್ಳಲಿ" ಎನ್ನುವುದು ಒಂದು. "ಬಿಟ್ಟರೆ ಕೆಟ್ಟರು, ಬೀಗ ಹಾಕಿಯೇ ಇರಬೇಕು" ಎನ್ನುವುದು ಇನ್ನೊಂದು. ಹಿಡಿತವೆಂದರೆ ಒಂದೇ ವಸ್ತು, ಅದನ್ನು ಕೊಟ್ಟರೆ ಇಡಿಯಾಗಿ ಕೊಡಬೇಕು, ಇಲ್ಲವಾದರೆ ಇಡಿಯಾಗಿ ಇಟ್ಟುಕೊಳ್ಳಬೇಕು ಎಂದು ಎರಡೂ ಭಾವಿಸುವುದರಿಂದ, ಎರಡೂ ಅರ್ಧ ದಾರಿಯಲ್ಲೇ ನಿಲ್ಲುತ್ತವೆ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಗದ್ದೆಗೆ ಬರುವಾಗ ಮುಖ್ಯ ನಾಲೆಯ ಗೇಟನ್ನು ನೋಡಿಕೊಳ್ಳುವವರು ಬೇರೆ, ಉಪನಾಲೆಯನ್ನು ನೋಡಿಕೊಳ್ಳುವವರು ಬೇರೆ, ಹೊಲದ ತೂಬನ್ನು ತೆರೆದು ಮುಚ್ಚುವ ರೈತ ಬೇರೆ. ಪಾಠದಲ್ಲಿಯೂ ಹೀಗೆಯೇ ಹಲವು ತೂಬುಗಳಿವೆ: ಗತಿ, ಗಡುವು, ಪಾಠಗಳ ಕ್ರಮ, ಅಭ್ಯಾಸದ ಪ್ರಮಾಣ, ಪಾಠದ ರೂಪ. ಒಂದೊಂದನ್ನೂ ಯಾರ ಕೈಗೆ ಕೊಡಬೇಕೆಂದು ಬೇರೆ ಬೇರೆಯಾಗಿಯೇ ತೀರ್ಮಾನಿಸಬೇಕು.

ಗತಿ

ಗತಿಯ ಹಿಡಿತವನ್ನು ಎಲ್ಲರಿಗೂ, ಎಲ್ಲ ವಿಷಯಗಳಲ್ಲಿಯೂ ಬಿಟ್ಟುಕೊಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ 2001ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ತುಂಬ ಸರಳವಾದದ್ದು. ಮಿಂಚು ಹೇಗೆ ಉಂಟಾಗುತ್ತದೆ ಎಂಬುದನ್ನು ವಿವರಿಸುವ, ಎರಡೂವರೆ ನಿಮಿಷಕ್ಕೂ ಕಡಿಮೆಯ ಒಂದು ಆನಿಮೇಷನ್ನನ್ನು ಅವರು 16 ತುಣುಕುಗಳಾಗಿ ಒಡೆದು, ಒಂದೊಂದು ತುಣುಕು ಮುಗಿದ ಮೇಲೂ ಗುಂಡಿ ಒತ್ತಿದರೆ ಮಾತ್ರ ಮುಂದಕ್ಕೆ ಹೋಗುವಂತೆ ಮಾಡಿದರು. ಒಂದೇ ಉಸಿರಿನಲ್ಲಿ ನೋಡಿದವರಿಗಿಂತ, ತಮಗೆ ಅರ್ಥವಾದ ಮೇಲೆ ಗುಂಡಿ ಒತ್ತುತ್ತಾ ನೋಡಿದವರು ಕಲಿತದ್ದನ್ನು ಹೊಸ ಸಮಸ್ಯೆಗಳಿಗೆ ಅನ್ವಯಿಸುವುದರಲ್ಲಿ ಮುಂದಿದ್ದರು. ಎರಡು ಗುಂಪುಗಳಿಗೂ ಕೊಟ್ಟ ವಿವರಣೆ ಒಂದೇ ಆಗಿತ್ತು. ಬೇರೆಯಾಗಿದ್ದದ್ದು ನಿಲ್ಲಿಸಿಕೊಳ್ಳುವ ಅವಕಾಶವೊಂದೇ.

ನಮ್ಮ ಕಡೆ ಇದರ ಮಹತ್ವ ಇನ್ನೂ ಹೆಚ್ಚು. ಹತ್ತನೆಯ ತರಗತಿಯವರೆಗೆ ನಾಗಮಂಗಲದ ಕಡೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮೈಸೂರಿನಲ್ಲಿ ಪಿಯು ವಿಜ್ಞಾನಕ್ಕೆ ಸೇರಿದ ಹುಡುಗಿಯೊಬ್ಬಳು ರಸಾಯನಶಾಸ್ತ್ರದ ಮೋಲ್ ಪರಿಕಲ್ಪನೆಯ ವಿಡಿಯೊ ನೋಡುತ್ತಿದ್ದಾಳೆ ಎಂದುಕೊಳ್ಳಿ. ವಿವರಣೆ ಇಂಗ್ಲಿಷಿನಲ್ಲಿದೆ. "ಲಿಮಿಟಿಂಗ್ ರೀಏಜೆಂಟ್" ಎಂಬ ಮಾತು ಬಂದೊಡನೆ ಅವಳು ವಿಡಿಯೊ ನಿಲ್ಲಿಸಿ, ಹತ್ತು ಸೆಕೆಂಡು ಹಿಂದಕ್ಕೆ ತಂದು ಮತ್ತೆ ಕೇಳಿ, ನೋಟ್‌ಬುಕ್ಕಿನ ಅಂಚಿನಲ್ಲಿ "ಮೊದಲು ಮುಗಿದುಹೋಗುವ ವಸ್ತು" ಎಂದು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಮುಂದುವರಿಯುತ್ತಾಳೆ. ಮೊದಲ ಸಲ 0.75ರ ವೇಗದಲ್ಲಿ ನೋಡಿದ ಅದೇ ಪಾಠವನ್ನು ಪರೀಕ್ಷೆಯ ಹಿಂದಿನ ವಾರ 1.25ರಲ್ಲಿ ನೋಡುತ್ತಾಳೆ. ಅವಳು ಏಕಕಾಲಕ್ಕೆ ರಸಾಯನಶಾಸ್ತ್ರವನ್ನೂ ಭಾಷೆಯನ್ನೂ ಕಲಿಯುತ್ತಿದ್ದಾಳೆ. ನೇರ ಪ್ರಸಾರದ ತರಗತಿಯನ್ನಷ್ಟೇ ಕೊಟ್ಟು ರೆಕಾರ್ಡಿಂಗ್ ಕೊಡದ ಕೋರ್ಸು, ಅಥವಾ ಹಿಂದೆ ಮುಂದೆ ಓಡಿಸದಂತೆ ವಿಡಿಯೊದ ಕೆಳಗಿನ ಪಟ್ಟಿಯನ್ನೇ ಮರೆಮಾಡಿದ ಕೋರ್ಸು ಅವಳಿಂದ ಕಿತ್ತುಕೊಳ್ಳುವುದು ಇದನ್ನೇ. ಹಾಜರಾತಿಯ ಲೆಕ್ಕಕ್ಕಾಗಿ ವಿಡಿಯೊವನ್ನು ಪೂರ್ತಿ ಓಡಿಸಲೇಬೇಕೆಂದು ಕಟ್ಟುಮಾಡುವ ಸಂಸ್ಥೆಗಳಿಗೆ ಸಿಗುವುದು ಫೋನು ಓಡಿದ ಲೆಕ್ಕವೇ ಹೊರತು ಹುಡುಗರು ಕೇಳಿದ ಲೆಕ್ಕವಲ್ಲ.

ಆದರೆ ನಿಲ್ಲಿಸುವ ಗುಂಡಿಯೊಂದನ್ನು ಇಟ್ಟ ಮಾತ್ರಕ್ಕೆ ಗತಿಯ ಹಿಡಿತ ಕೊಟ್ಟಂತಾಗುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಹೊಸಬರಿಗೆ ತಿಳಿಯುವುದಿಲ್ಲ. ಅರ್ಥವಾಗಲಿಲ್ಲ ಎಂಬುದು ಅರಿವಿಗೆ ಬರುವ ಹೊತ್ತಿಗೆ ವಿಡಿಯೊ ಐದು ನಿಮಿಷ ಮುಂದೆ ಹೋಗಿರುತ್ತದೆ. ಆದ್ದರಿಂದ ನಲವತ್ತು ನಿಮಿಷದ ತರಗತಿಯನ್ನು ಇಡಿಯಾಗಿ ಏರಿಸುವ ಬದಲು, ಒಂದೊಂದು ವಿಚಾರ ಮುಗಿಯುವಲ್ಲಿ ಕತ್ತರಿಸಿ, ಪ್ರತಿ ತುಣುಕಿಗೂ ಅದರಲ್ಲಿ ಏನಿದೆ ಎಂಬುದನ್ನು ಹೇಳುವ ಹೆಸರು ಕೊಡುವುದು ಅಧ್ಯಾಪಕರ ಕೆಲಸ. "ಭಾಗ 3" ಎಂಬ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಜೊತೆಗೆ ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯ ಇರಲೇಬೇಕು. ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡಿ ಓದುವವರಿಗೆ, ಸಂಜೆಯಾದರೆ ಮನೆಯಲ್ಲಿ ನೆಟ್‌ವರ್ಕ್ ಸಿಗದ ಹಳ್ಳಿಗಳವರಿಗೆ, ಇಂಟರ್‌ನೆಟ್ ಇದ್ದಾಗ ಇಳಿಸಿಕೊಂಡು ಬಿಡುವಾದಾಗ ನೋಡುವುದೇ ಗತಿಯ ಮೇಲಿನ ಹಿಡಿತ.

ಗಡುವು ಬೇರೆ, ಗತಿ ಬೇರೆ

ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳಷ್ಟು ಕೋರ್ಸುಗಳು ಸೊರಗುತ್ತವೆ. ಒಂದು ಪಾಠವನ್ನು ಎಷ್ಟು ನಿಧಾನವಾಗಿ ನೋಡಬೇಕೆಂಬುದು ಗತಿ; ಇಡೀ ಕೋರ್ಸನ್ನು ಯಾವ ದಿನದೊಳಗೆ ಮುಗಿಸಬೇಕೆಂಬುದು ಗಡುವು. ಮೊದಲನೆಯದನ್ನು ಪೂರ್ತಿ ಬಿಟ್ಟುಕೊಟ್ಟು, ಎರಡನೆಯದನ್ನು ಅಧ್ಯಾಪಕರು ಕೈಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇದಕ್ಕೆ ಐವತ್ತು ವರ್ಷದ ಹಿಂದಿನ ಒಂದು ಅನುಭವ ಆಧಾರವಾಗಿದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಟಿಕಿಟ್ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆಯನ್ನು ಕಟ್ಟಲಾಯಿತು. ಅದರ ಕೀಲಿಮಣೆಯಲ್ಲಿ ನಿಯಮ, ಉದಾಹರಣೆ, ಅಭ್ಯಾಸ, ಸುಲಭ, ಕಷ್ಟ, ಸಲಹೆ ಎಂದು ಪ್ರತ್ಯೇಕ ಗುಂಡಿಗಳಿದ್ದವು. ವಿದ್ಯಾರ್ಥಿಗೆ ಯಾವಾಗ ಯಾವುದು ಬೇಕೋ ಅದನ್ನು ಒತ್ತಿಕೊಳ್ಳಬಹುದಿತ್ತು. ಕಲಿಯುವವರ ಕೈಗೆ ಹಿಡಿತ ಕೊಡಬೇಕೆಂಬ ಆಶಯವನ್ನು ಇಷ್ಟು ಶ್ರದ್ಧೆಯಿಂದ ಕಾರ್ಯರೂಪಕ್ಕೆ ತಂದ ವ್ಯವಸ್ಥೆಗಳು ಇಂದಿಗೂ ವಿರಳ ಎಂದೇ ನನ್ನ ಅಭಿಪ್ರಾಯ. ಸಮುದಾಯ ಕಾಲೇಜುಗಳಲ್ಲಿ ಅದನ್ನು ಬಳಸಿ ಪರಿಶೀಲಿಸಿದಾಗ, ಗಣಿತದ ಕೋರ್ಸು ಮುಗಿಸಿದವರು ಸಾಮಾನ್ಯ ತರಗತಿಯವರಿಗಿಂತ ಚೆನ್ನಾಗಿ ಕಲಿತಿದ್ದರು. ಆದರೆ ಮುಗಿಸಿದವರ ಪ್ರಮಾಣವೇ ಸಾಮಾನ್ಯ ತರಗತಿಗಿಂತ ಬಹಳ ಕಡಿಮೆಯಾಗಿತ್ತು. ಅರ್ಧಕ್ಕೆ ಬಿಟ್ಟವರನ್ನು ಲೆಕ್ಕದಿಂದ ಹೊರಗಿಟ್ಟು ಕೋರ್ಸಿನ ಗುಣವನ್ನು ಹೊಗಳಿಕೊಳ್ಳುವುದು ಇವತ್ತಿಗೂ ನಡೆಯುತ್ತಿದೆ. ಕೋರ್ಸು ಮುಗಿಸಿದವರ ಮೆಚ್ಚುಗೆಯ ಮಾತುಗಳನ್ನು ಓದುವಾಗ, ಅದನ್ನು ಮುಗಿಸದವರು ಎಷ್ಟು ಮಂದಿ ಎಂದು ಕೇಳುವ ಅಭ್ಯಾಸವನ್ನು ಸೇರುವವರೂ ಸೇರಿಸಿಕೊಳ್ಳುವವರೂ ಬೆಳೆಸಿಕೊಳ್ಳಬೇಕು.

ಗಡುವಿನ ಬಗ್ಗೆ ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವರ್ಟನ್‌ಬ್ರಾಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸುತ್ತದೆ. ಕರಡು ತಿದ್ದುವ ಕೆಲಸವನ್ನು ಮೂರು ಗುಂಪುಗಳಿಗೆ ಕೊಟ್ಟಾಗ, ಕೊನೆಯ ದಿನವೊಂದನ್ನೇ ಪಡೆದವರು ಎಲ್ಲರಿಗಿಂತ ಹಿಂದುಳಿದರು. ತಮಗೆ ತಾವೇ ಗಡುವು ಹಾಕಿಕೊಂಡವರು ಅವರಿಗಿಂತ ಚೆನ್ನಾಗಿ ಮಾಡಿದರು. ಸಮ ಅಂತರದ ಗಡುವುಗಳನ್ನು ಹೊರಗಿನಿಂದ ಪಡೆದವರು ಎಲ್ಲರಿಗಿಂತ ಮುಂದಿದ್ದರು. ಇದನ್ನು ನಮ್ಮಲ್ಲಿ ಹೇಗೆ ಅಳವಡಿಸಬಹುದು ಎಂಬುದಕ್ಕೆ ಎನ್‌ಪಿಟೆಲ್ ಒಳ್ಳೆಯ ಮಾದರಿ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಈ ಯೋಜನೆಯ ಕೋರ್ಸುಗಳು ಈಗ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆಯಾದ ಸ್ವಯಂನಲ್ಲಿ ಸಿಗುತ್ತವೆ. ವಾರವಾರವೂ ಅಸೈನ್‌ಮೆಂಟಿಗೆ ಗಡುವು ಇರುತ್ತದೆ, ಅದು ತಪ್ಪಿದರೆ ತಪ್ಪಿತು. ಆದರೆ 12 ವಾರದ ಕೋರ್ಸಿನಲ್ಲಿ ಅತಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟುಗಳನ್ನು ಮಾತ್ರ ಪರಿಗಣಿಸಿ ಅವಕ್ಕೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ ಕೊಡುವುದು ಅಲ್ಲಿನ ಪದ್ಧತಿ. ಗಡುವು ಗಟ್ಟಿಯಾಗಿದ್ದರೂ ನಾಲ್ಕು ವಾರಗಳ ಸಡಿಲ ಅದರೊಳಗೇ ಇದೆ. ಯಾವ ವಾರಗಳನ್ನು ಬಿಡಬೇಕೆಂಬುದು ವಿದ್ಯಾರ್ಥಿಯ ಕೈಯಲ್ಲಿದೆ. ಕಬ್ಬಿನ ಕಟಾವಿನ ವಾರ, ಮನೆಯ ಮದುವೆಯ ವಾರ, ಊರ ಹಬ್ಬದ ವಾರ ಯಾರ ಮುಂದೆಯೂ ಕೈಮುಗಿದು ವಿನಾಯಿತಿ ಕೇಳಬೇಕಾಗಿಲ್ಲ. ಪ್ರತಿಯೊಬ್ಬರ ಕಾರಣವನ್ನೂ ವಿಚಾರಿಸಿ ಗಡುವು ಮುಂದೂಡುವುದಕ್ಕಿಂತ ಇದು ಎಷ್ಟೋ ಘನತೆಯ ಏರ್ಪಾಡು.

ಪಾಠಗಳ ಕ್ರಮ

ಇಲ್ಲಿ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಜಿಎಸ್‌ಟಿ ಮತ್ತು ಟ್ಯಾಲಿ ಕಲಿಸುವ ಒಂದು ಕೋರ್ಸಿಗೆ ಇಬ್ಬರು ಸೇರುತ್ತಾರೆ ಎಂದಿಟ್ಟುಕೊಳ್ಳೋಣ. ಒಬ್ಬರು ಮೈಸೂರಿನ ಸಂತೇಪೇಟೆಯಲ್ಲಿ ಹಲವಾರು ವರ್ಷಗಳಿಂದ ಸಗಟು ವ್ಯಾಪಾರ ನಡೆಸುತ್ತಿರುವವರು. ಇನ್ನೊಬ್ಬ ಈ ವರ್ಷ ಬಿ.ಕಾಂ. ಮುಗಿಸಿದ ಹುಡುಗ. ವ್ಯಾಪಾರಿಗೆ ಜಮಾ ಖರ್ಚು, ಉದ್ರಿ, ಬಿಲ್ಲು ಎಲ್ಲವೂ ಕರತಲಾಮಲಕ. ಅವರಿಗೆ ಬೇಕಾಗಿರುವುದು 50,000 ರೂಪಾಯಿಗೆ ಮೀರಿದ ಸರಕು ಕಳುಹಿಸುವಾಗ ಇ-ವೇ ಬಿಲ್ಲನ್ನು ತಾವೇ ತಯಾರಿಸುವುದು ಹೇಗೆ ಎಂಬುದಷ್ಟೆ. ಅವರನ್ನು "ಲೆಕ್ಕಪತ್ರ ಎಂದರೇನು" ಎಂಬ ಮೊದಲ ಪಾಠದಿಂದ ಆರಂಭಿಸಿ ಒಂಬತ್ತನೆಯ ಪಾಠದವರೆಗೆ ಬೀಗ ಹಾಕಿ ನಡೆಸಿದರೆ ಅವರು ಎರಡನೆಯ ಪಾಠಕ್ಕೇ ಕೋರ್ಸು ಬಿಡುತ್ತಾರೆ. ಹುಡುಗನಿಗೆ ಎಲ್ಲವನ್ನೂ ತೆರೆದಿಟ್ಟರೆ ಅವನೂ ಇ-ವೇ ಬಿಲ್ಲಿಗೇ ಮೊದಲು ಹಾರುತ್ತಾನೆ, ಏಕೆಂದರೆ ಕೆಲಸದ ಜಾಹೀರಾತಿನಲ್ಲಿ ಅವನು ಕಂಡಿರುವ ಮಾತು ಅದು. ಪರದೆಯ ಮೇಲೆ ಯಾವ ಖಾನೆಯಲ್ಲಿ ಏನು ತುಂಬಬೇಕೆಂದು ಬಾಯಿಪಾಠ ಮಾಡಿಕೊಂಡು, ಸರಕು ವಾಪಸು ಬಂದ ದಿನ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಾನೆ.

ಶಿಕ್ಷಣ ಮನೋವಿಜ್ಞಾನದಲ್ಲಿ ಇದರ ಬಗ್ಗೆ ಸಾಕಷ್ಟು ಕೆಲಸವಾಗಿದೆ. ಹೊಸಬರಿಗೆ ನೆರವಾಗುವ ವಿವರವಾದ ಮಾರ್ಗದರ್ಶನವೇ ವಿಷಯ ಬಲ್ಲವರಿಗೆ ತೊಡಕಾಗಬಹುದು ಎಂಬುದನ್ನು ಸ್ಲಾವಾ ಕಲ್ಯುಗಾ, ಜಾನ್ ಸ್ವೆಲ್ಲರ್ ಮತ್ತವರ ಸಂಗಡಿಗರು 2003ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಹೀಗಾಗಿ ಕ್ರಮದ ಹಿಡಿತವನ್ನು ಕೊಡಬೇಕೇ ಎಂದು ಕೇಳುವಾಗ ವಯಸ್ಸನ್ನು ನೋಡುವುದಕ್ಕಿಂತ ಆ ವಿಷಯದಲ್ಲಿ ಆಗಲೇ ಇರುವ ತಿಳಿವಳಿಕೆಯನ್ನು ನೋಡುವುದು ಸರಿಯಾದದ್ದು. ಐವತ್ತು ವರ್ಷದವರೂ ಕಂಪ್ಯೂಟರ್ ಭಾಷೆಗೆ ಹೊಸಬರೇ. ಹದಿನಾರರ ಹುಡುಗಿ ಅದರಲ್ಲಿ ಪಳಗಿದವಳಾಗಿರಬಹುದು. ಪ್ರತಿ ಘಟಕದ ಬಾಗಿಲಲ್ಲಿ ಹತ್ತು ಪ್ರಶ್ನೆಗಳ ಒಂದು ಚಿಕ್ಕ ಪರೀಕ್ಷೆ ಇಟ್ಟು, ಅದರಲ್ಲಿ ಚೆನ್ನಾಗಿ ಮಾಡಿದವರಿಗೆ ಆ ಘಟಕವನ್ನು ದಾಟಿ ಮುಂದೆ ಹೋಗಲು ಬಿಡುವುದು ವ್ಯಾಪಾರಿಗೂ ಹುಡುಗನಿಗೂ ನ್ಯಾಯ ಒದಗಿಸುವ ದಾರಿ.

ವಿಷಯದ ಸ್ವಭಾವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಣಿತ, ಲೆಕ್ಕಶಾಸ್ತ್ರ, ಪ್ರೋಗ್ರಾಮಿಂಗ್, ವ್ಯಾಕರಣ ಇವುಗಳಲ್ಲಿ ಹಿಂದಿನ ಪಾಠದ ಮೇಲೆ ಮುಂದಿನ ಪಾಠ ನಿಂತಿರುತ್ತದೆ. ಇತಿಹಾಸ, ಪ್ರಚಲಿತ ವಿದ್ಯಮಾನ, ಬೆಳೆಗಳ ರೋಗ ನಿರ್ವಹಣೆ ಮುಂತಾದವುಗಳಲ್ಲಿ ಅಷ್ಟು ಬಿಗಿಯಾದ ಸರಪಳಿ ಇರುವುದಿಲ್ಲ. ಭತ್ತಕ್ಕೆ ಬೆಂಕಿರೋಗ ಬಂದಿರುವ ರೈತ ಮೊದಲು ಆ ಪಾಠವನ್ನೇ ನೋಡಬೇಕು. ಇನ್ನು, ಆ್ಯಪುಗಳ ಜಗತ್ತಿನಲ್ಲಿ ಇದೇ ವಿಷಯ ದೊಡ್ಡ ಚರ್ಚೆಯಾದದ್ದು 2022ರಲ್ಲಿ. ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊ ಅದುವರೆಗೆ ಕಲಿಯುವವರಿಗೆ ಹಲವು ಕವಲುಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಲು ಬಿಟ್ಟಿತ್ತು. ಆ ವರ್ಷ ಅದನ್ನು ತೆಗೆದು ಎಲ್ಲರಿಗೂ ಒಂದೇ ದಾರಿಯನ್ನು ಹಾಕಿತು. ಹೊಸಬರಿಗೆ ಮುಂದೇನು ಎಂಬ ಗೊಂದಲ ತಪ್ಪಿತು. ಬಹಳ ಕಾಲದಿಂದ ತಮ್ಮದೇ ಕ್ರಮದಲ್ಲಿ ಕಲಿಯುತ್ತಿದ್ದವರು ಅಸಮಾಧಾನಗೊಂಡರು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು.

ಅಭ್ಯಾಸ ಎಷ್ಟು ಸಾಕು?

ಈ ಒಂದು ತೂಬನ್ನು ಮಾತ್ರ ಸಲಹೆಯಿಲ್ಲದೆ ಯಾರ ಕೈಗೂ ಬಿಡಬಾರದು ಎಂದು ಒತ್ತಿ ಹೇಳಬಯಸುತ್ತೇನೆ. ಕಾರಣ, ತನಗೆ ಬಂತು ಎಂಬ ಭಾವನೆ ನಂಬಲು ಅರ್ಹವಾದ ಸಾಕ್ಷಿಯಲ್ಲ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ ನೆನಪಿನಿಂದ ಬರೆದವರು ಬಹಳ ಮುಂದೆ. ಆದರೆ "ವಾರದ ಮೇಲೆ ನಿಮಗೆಷ್ಟು ನೆನಪಿರುತ್ತದೆ" ಎಂದು ಮೊದಲೇ ವಿಚಾರಿಸಿದಾಗ ಹೆಚ್ಚು ಭರವಸೆಯಿಂದ ಇದ್ದವರು ಮತ್ತೆ ಮತ್ತೆ ಓದಿದವರೇ. ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ ಅವರ 2008ರ ಅಧ್ಯಯನವೂ, ಕಲಿಯುವವರು ಬಂತೆಂದು ತಿಳಿದು ಪದಗಳ ಚೀಟಿಗಳನ್ನು ತಾವಾಗಿ ಕೈಬಿಡುವ ಅವಕಾಶದಿಂದ ಅವರಿಗೆ ಲಾಭವಾಗಲಿಲ್ಲ ಎಂದು ತೋರಿಸಿತು. ಮೈಸೂರಿನ ಗ್ರಂಥಾಲಯಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಎಷ್ಟೋ ಜನ ಶ್ರಮಜೀವಿಗಳು ಸಂವಿಧಾನದ ಅದೇ ಅಧ್ಯಾಯಕ್ಕೆ ಮೂರನೆಯ ಬಣ್ಣದಲ್ಲಿ ಗೆರೆ ಎಳೆಯುವುದನ್ನು ನೋಡಿದಾಗ, ಅವರ ಶ್ರಮಕ್ಕೆ ಸಿಗಬೇಕಾದಷ್ಟು ಫಲ ಸಿಗುತ್ತಿಲ್ಲವಲ್ಲ ಎಂದು ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಅಭ್ಯಾಸವನ್ನು ಕಡ್ಡಾಯ ಮಾಡಿಬಿಡೋಣವೇ? ಒಂದು ಘಟಕಕ್ಕೆ ಮೂವತ್ತು ಪ್ರಶ್ನೆ, ಎಲ್ಲವನ್ನೂ ಮಾಡಿದ ಹೊರತು ಮುಂದಿನ ಪಾಠ ತೆರೆಯುವುದಿಲ್ಲ ಎಂಬುದು ಒಂದು ಆಯ್ಕೆ. ಅದು ಹಿಂದುಳಿದವರನ್ನು ಕಾಪಾಡುತ್ತದೆ, ಆದರೆ ವಿಷಯ ಆಗಲೇ ಬಂದವರನ್ನು ಬೇಸರಪಡಿಸುತ್ತದೆ. ಬೇಸರಗೊಂಡವರು ಉತ್ತರಗಳನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳುತ್ತಾರೆ. ಇನ್ನೊಂದು ಆಯ್ಕೆಯನ್ನು ರಾಬರ್ಟ್ ಟೆನಿಸನ್ ಮತ್ತವರ ಸಂಗಡಿಗರು 1980ರ ಆಸುಪಾಸಿನಲ್ಲಿಯೇ ಪರೀಕ್ಷಿಸಿದ್ದರು: ತೀರ್ಮಾನವನ್ನು ವಿದ್ಯಾರ್ಥಿಗೇ ಬಿಡುವುದು, ಆದರೆ ಅವನ ಉತ್ತರಗಳನ್ನು ನೋಡಿ ಇನ್ನೂ ಎಷ್ಟು ಅಭ್ಯಾಸ ಬೇಕಾದೀತು ಎಂದು ಅವನಿಗೆ ಆಗಾಗ ತಿಳಿಸುವುದು. ಬರಿಯ ಸ್ವಾತಂತ್ರ್ಯ ಸಿಕ್ಕವರು ಬೇಗನೆ ಅಭ್ಯಾಸ ನಿಲ್ಲಿಸಿದರು. ಸಲಹೆಯೂ ಸಿಕ್ಕವರು ಸಾಕಷ್ಟು ಮುಂದುವರಿಸಿದರು. ನಾನು ಈ ಎರಡನೆಯ ದಾರಿಯನ್ನೇ ಆರಿಸುತ್ತೇನೆ.

ಆದರೆ ಸಲಹೆ ಸಲಹೆಯಂತಿರಬೇಕು. "ನಿಮ್ಮ ಅಂಕ 62. ಮತ್ತೆ ಪ್ರಯತ್ನಿಸಿ" ಎಂಬುದರಲ್ಲಿ ಸಲಹೆ ಏನೂ ಇಲ್ಲ. "ಭಿನ್ನರಾಶಿಯ ಎಂಟು ಲೆಕ್ಕಗಳಲ್ಲಿ ಐದು ಸರಿಯಾಗಿವೆ. ತಪ್ಪಾದ ಮೂರರಲ್ಲಿಯೂ ಛೇದಗಳು ಬೇರೆ ಬೇರೆಯಾಗಿದ್ದವು. ಅಂಥ ಇನ್ನೂ ನಾಲ್ಕು ಲೆಕ್ಕಗಳನ್ನು ಇಲ್ಲಿ ಕೊಟ್ಟಿದೆ; ಅವನ್ನು ಮಾಡಿ ಮುಂದೆ ಹೋದರೆ ಮುಂದಿನ ಪಾಠ ಸುಲಭವಾಗುತ್ತದೆ. ಈಗಲೇ ಹೋಗುವುದಾದರೂ ಹೋಗಬಹುದು" ಎಂದು ಬರೆದರೆ, ಕಲಿಯುವವರಿಗೆ ಎಲ್ಲಿ ಎಡವಿದೆವೆಂಬುದು ತಿಳಿಯುತ್ತದೆ, ಏನು ಮಾಡಬೇಕೆಂಬುದು ತಿಳಿಯುತ್ತದೆ, ತೀರ್ಮಾನ ತಮ್ಮದೇ ಎಂಬ ಗೌರವವೂ ಉಳಿಯುತ್ತದೆ. ಇದಕ್ಕೆ ದುಬಾರಿ ತಂತ್ರಜ್ಞಾನ ಬೇಕಿಲ್ಲ. ಪ್ರಶ್ನೆಗಳನ್ನು ತಪ್ಪಿನ ಬಗೆಗೆ ಅನುಸಾರವಾಗಿ ವಿಂಗಡಿಸಿ, ಒಂದೊಂದು ಬಗೆಗೂ ಇಂಥ ಮೂರು ಸಾಲು ಬರೆದಿಡುವ ತಾಳ್ಮೆ ಬೇಕು. ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದ ನಮ್ಮ ಅಧ್ಯಾಪಕರಿಗೆ ಹುಡುಗರು ಎಲ್ಲೆಲ್ಲಿ ತಪ್ಪುತ್ತಾರೆಂಬುದು ಚೆನ್ನಾಗಿ ಗೊತ್ತು. ಆ ತಿಳಿವಳಿಕೆ ಅವರ ತಲೆಯಲ್ಲೇ ಉಳಿಯದೆ ಕೋರ್ಸಿನೊಳಗೆ ಬರಬೇಕು.

ಉತ್ತರಗಳನ್ನು ಆಧರಿಸಿ ಮುಂದಿನ ಪಾಠವನ್ನು ತಂತ್ರಾಂಶವೇ ಆರಿಸಿಕೊಡುವ ವ್ಯವಸ್ಥೆಗಳೂ ಇವೆ. ಅವು ಪ್ರಶ್ನೆಗಳ ಮಟ್ಟವನ್ನು ಹೊಂದಿಸುವುದರಲ್ಲಿ ಉಪಯುಕ್ತ. ಆದರೆ ಏಕೆ ಈ ಪಾಠ ಬಂತು ಎಂಬುದನ್ನು ಹೇಳದಿದ್ದರೆ ಹಿಡಿತ ಅಧ್ಯಾಪಕರಿಂದ ಯಂತ್ರಕ್ಕೆ ವರ್ಗವಾಗುತ್ತದೆಯೇ ಹೊರತು ಕಲಿಯುವವರಿಗೆ ಬರುವುದಿಲ್ಲ.

ಪಾಠದ ರೂಪದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವಿಡಿಯೊ, ಮುದ್ರಿಸಿಕೊಳ್ಳಬಹುದಾದ ಟಿಪ್ಪಣಿ, ಧ್ವನಿ ಇವುಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಲು ಬಿಡಿ. ಡೇಟಾ ಉಳಿಯುತ್ತದೆ, ಕಣ್ಣು ಅಥವಾ ಕಿವಿಯ ತೊಂದರೆ ಇರುವವರಿಗೆ ಬಾಗಿಲು ತೆರೆಯುತ್ತದೆ. ಆದರೆ "ನೀವು ನೋಡಿ ಕಲಿಯುವವರೋ ಕೇಳಿ ಕಲಿಯುವವರೋ" ಎಂದು ಪ್ರಶ್ನಾವಳಿ ಕೊಟ್ಟು ಜನರನ್ನು ವಿಂಗಡಿಸುವ ಪದ್ಧತಿಗೆ ಸಾಕಷ್ಟು ಆಧಾರವಿಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತವರ ಸಂಗಡಿಗರು 2008ರಲ್ಲಿಯೇ ತೋರಿಸಿದ್ದಾರೆ. ಅದಕ್ಕೆ ಹಣ ಖರ್ಚು ಮಾಡಬೇಡಿ.

ಯಾರಿಗೆ ಯಾವ ಏರ್ಪಾಡು

ಎಸ್‌ಎಸ್‌ಎಲ್‌ಸಿ ಮತ್ತು ಪಿಯು ವಿದ್ಯಾರ್ಥಿಗಳಿಗೆ ಗತಿಯನ್ನು ಪೂರ್ತಿ ಬಿಟ್ಟು, ಕ್ರಮವನ್ನು ಅಧ್ಯಾಪಕರೇ ಇಟ್ಟುಕೊಂಡು, ವಾರದ ಗಡುವು ಹಾಕುವುದು ಸೂಕ್ತ. ಪುನರಾವರ್ತನೆಯ ತಿಂಗಳು ಬಂದಾಗ ಕ್ರಮದ ಬೀಗವನ್ನು ಪೂರ್ತಿ ತೆಗೆದುಬಿಡಬೇಕು, ಏಕೆಂದರೆ ಆ ಹೊತ್ತಿಗೆ ಯಾವ ಅಧ್ಯಾಯ ಕೈಕೊಡುತ್ತಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಸರ್ಕಾರಿ ಪಠ್ಯಪುಸ್ತಕಗಳಲ್ಲಿರುವ, ದೀಕ್ಷಾ ಎಂಬ ಸರ್ಕಾರಿ ಕಲಿಕಾ ವೇದಿಕೆಯ ಕ್ಯೂಆರ್ ಕೋಡುಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಬೇಕಾದ ಪುಟವನ್ನು ತೆರೆದು ಸ್ಕ್ಯಾನ್ ಮಾಡಿದರಾಯಿತು.

ಪದವಿ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೋರ್ಸನ್ನೇ ಆರಿಸಿಕೊಳ್ಳುವ ಹಿಡಿತ ಈಗ ಕಾನೂನಿನಲ್ಲಿಯೇ ಇದೆ. ಯುಜಿಸಿಯ 2021ರ ನಿಯಮಗಳ ಪ್ರಕಾರ, ಒಂದು ಸೆಮಿಸ್ಟರಿನಲ್ಲಿ ವಿಶ್ವವಿದ್ಯಾಲಯ ಒಂದು ಕಾರ್ಯಕ್ರಮಕ್ಕಾಗಿ ನಡೆಸುವ ಒಟ್ಟು ಕೋರ್ಸುಗಳ ಶೇ 40ರವರೆಗೆ ಸ್ವಯಂ ಮೂಲಕ ಕ್ರೆಡಿಟ್ ಪಡೆಯಲು ಅವಕಾಶ ಕೊಡಬಹುದು. ಮೊದಲು ಈ ಮಿತಿ ಶೇ 20 ಇತ್ತು. ಆದರೆ ನಿಮ್ಮ ಕಾಲೇಜು ಯಾವ ಕೋರ್ಸನ್ನು ಯಾವ ಪತ್ರಿಕೆಗೆ ಸಮವೆಂದು ಒಪ್ಪುತ್ತದೆ ಎಂಬುದನ್ನು ನೋಂದಾಯಿಸುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಈ ವಿದ್ಯಾರ್ಥಿಗಳಿಗೆ ಎನ್‌ಪಿಟೆಲ್ ಮಾದರಿಯ ಗಡುವು ಮತ್ತು ಸಡಿಲ ಎರಡೂ ಇರುವ ಕೋರ್ಸು, ಯಾವಾಗ ಬೇಕಾದರೂ ಮುಗಿಸಿ ಎನ್ನುವ ಕೋರ್ಸಿಗಿಂತ ಒಳ್ಳೆಯದು.

ಕೆಲಸದಲ್ಲಿದ್ದು ಓದುವವರದು ಬೇರೆ ಕಥೆ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆರಂಭವಾಗುವ ಮೊದಲಿನಿಂದಲೂ, ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದ ಕಾಲದಿಂದಲೂ, ಈ ಊರು ಗುಮಾಸ್ತರಿಗೆ, ಶಾಲಾ ಶಿಕ್ಷಕರಿಗೆ, ಗೃಹಿಣಿಯರಿಗೆ ಮನೆಯಲ್ಲೇ ಕುಳಿತು ಪದವಿ ಓದುವ ದಾರಿ ತೋರಿಸಿದೆ. ಅಂಚೆಯಲ್ಲಿ ಬಂದ ಪಾಠದ ಕಟ್ಟನ್ನು ಯಾವ ಗತಿಯಲ್ಲಿ, ಯಾವ ಕ್ರಮದಲ್ಲಿ ಓದಬೇಕೆಂಬುದು ಓದುವವರಿಗೇ ಬಿಟ್ಟದ್ದಾಗಿತ್ತು. ಅಲ್ಲಿ ಕೊರತೆಯಾಗಿದ್ದದ್ದು ನಡುವೆ ಸಿಗುವ ಸಲಹೆ. ಅದನ್ನು ಈಗ ಆನ್‌ಲೈನ್ ವ್ಯವಸ್ಥೆ ತುಂಬಿಕೊಡಬಲ್ಲದು. ಇಂಥವರಿಗೆ ಕ್ರಮವನ್ನೂ ವಿಷಯದ ಆಯ್ಕೆಯನ್ನೂ ಬಿಟ್ಟುಕೊಡಿ, ಘಟಕದ ಬಾಗಿಲಿನ ಚಿಕ್ಕ ಪರೀಕ್ಷೆಯನ್ನು ಇಡಿ, ಗಡುವನ್ನು ಅವರಿಂದಲೇ ಮೊದಲ ದಿನ ಬರೆಸಿಕೊಂಡು ಆ ದಿನಾಂಕದ ಮೂರು ದಿನ ಮುಂಚೆ ನೆನಪಿಸಿ.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ವಿಡಿಯೊಗಳ ಸಂಖ್ಯೆಯನ್ನು ನೋಡಿ ಕೋರ್ಸು ಆರಿಸಬೇಡಿ ಎಂದಷ್ಟೇ ಹೇಳುತ್ತೇನೆ. ಅವರಿಗೆ ಬೇಕಾದದ್ದು, ಹಳೆಯ ವಿಷಯಗಳನ್ನು ವಾರ, ತಿಂಗಳು ಕಳೆದ ಮೇಲೆ ಮತ್ತೆ ಕೇಳುವ ಪ್ರಶ್ನೆಗಳು.

ಅಳವಡಿಸುವಾಗ

ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ, ಆನ್‌ಲೈನ್ ಕೋರ್ಸು ನಡೆಸುವ ಮೂಡಲ್ ತಂತ್ರಾಂಶ ಉಚಿತವಾದದ್ದು, ಮೇಲೆ ಹೇಳಿದ್ದೆಲ್ಲವನ್ನೂ ಅದರಲ್ಲಿ ಮಾಡಬಹುದು. ಒಂದು ಚಟುವಟಿಕೆ ಮುಗಿಯಿತೆಂದು ಯಾವಾಗ ಪರಿಗಣಿಸಬೇಕು ಎಂಬುದಕ್ಕೆ ಒಂದು ಸೆಟ್ಟಿಂಗ್, ಇಂಥ ಅಂಕ ಬಂದರೆ ಮಾತ್ರ ಮುಂದಿನದು ತೆರೆಯಲಿ ಎನ್ನುವುದಕ್ಕೆ ಇನ್ನೊಂದು ಸೆಟ್ಟಿಂಗ್ ಇದೆ. ಮುಗಿದದ್ದಕ್ಕೆ ಗುರುತು ಹಾಕುವ ಸೆಟ್ಟಿಂಗನ್ನು ಎಲ್ಲ ಪಾಠಗಳಿಗೂ ಹಾಕಿ. ಬೀಗದ ಸೆಟ್ಟಿಂಗನ್ನು ನಿಜವಾಗಿ ಹಿಂದಿನ ಪಾಠವಿಲ್ಲದೆ ಅರ್ಥವಾಗದ ಕಡೆ ಮಾತ್ರ ಹಾಕಿ. ಕ್ವಿಜ್‌ನಲ್ಲಿ ಪ್ರತಿ ತಪ್ಪು ಉತ್ತರಕ್ಕೂ ಬೇರೆ ಬೇರೆ ಪ್ರತಿಕ್ರಿಯೆ ಬರೆಯುವ ಜಾಗವಿದೆ; ಮೇಲೆ ಹೇಳಿದ ಸಲಹೆಯ ಸಾಲುಗಳು ಅಲ್ಲಿ ಹೋಗಬೇಕು. ಬೀಗ ಹಾಕಿದ ಪಾಠವನ್ನು ಮರೆಮಾಡಬೇಡಿ. ಅದು ಪಟ್ಟಿಯಲ್ಲಿ ಕಾಣಿಸುತ್ತಿದ್ದು, ತೆರೆಯಲು ಏನು ಮಾಡಬೇಕೆಂಬುದು ಪಕ್ಕದಲ್ಲೇ ಬರೆದಿದ್ದರೆ, ಮುಂದಿರುವ ದಾರಿ ಎಷ್ಟು ದೂರವೆಂಬುದು ಕಲಿಯುವವರಿಗೆ ತಿಳಿಯುತ್ತದೆ.

ಹಣ ಕಟ್ಟುವ ಮೊದಲು ಕಲಿಯುವವರು ಒಂದು ಪಾಠವನ್ನು ಮಾದರಿಗೆ ಕೇಳಬೇಕು. ಅದು ವಿಡಿಯೊ ಮಾತ್ರವಾಗಿರದೆ ಅದರ ಅಭ್ಯಾಸದ ಪ್ರಶ್ನೆಗಳೂ ಸೇರಿರುವ ಇಡೀ ಪಾಠವಾಗಿರಬೇಕು. ಬೇಕೆಂದೇ ಒಂದು ತಪ್ಪು ಉತ್ತರ ಕೊಟ್ಟು, ಆಗ ಪರದೆಯ ಮೇಲೆ ಏನು ಬರುತ್ತದೆ ಎಂದು ನೋಡಿ. ತಪ್ಪಿನ ಕಾರಣ ಹೇಳಿದರೆ ಆ ಕೋರ್ಸನ್ನು ಕಟ್ಟಿದವರು ಕಲಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂದರ್ಥ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಳಿಸಿಕೊಂಡ ಪಾಠ ಓಡುತ್ತದೆಯೇ ಎಂದು ಪರೀಕ್ಷಿಸಿ. ಎರಡು ವಾರ ಕಾಯಿಲೆ ಬಿದ್ದರೆ ಪಾಠಗಳು ಮುಚ್ಚಿಹೋಗುತ್ತವೆಯೇ, ಅವಧಿ ಮುಗಿದ ಮೇಲೂ ಟಿಪ್ಪಣಿಗಳು ಸಿಗುತ್ತವೆಯೇ, ನಡುವೆ ಬಿಟ್ಟರೆ ಎಷ್ಟು ಹಣ ಹಿಂತಿರುಗುತ್ತದೆ ಎಂಬುದನ್ನು ಫೋನಿನಲ್ಲಿ ಕೇಳಿದರೆ ಸಾಲದು. ರಸೀದಿಯ ಜೊತೆಯಲ್ಲಿಯೇ ಬರೆಸಿ ತೆಗೆದುಕೊಳ್ಳಿ.